ಕಡಲು ನೋಡಲು ಹೊರಟದ್ದು
(ಬಾನುಲಿ ಭಾಷಣ)



ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ಮಕ್ಕಳಿಗೆ ಭೂಗೋಳವನ್ನು ಬೋಧಿಸಿದವನು. ಸುತ್ತಲೂ ನೀರಿನಿಂದ ಆವೃತವಾದ ನೆಲಕ್ಕೆ ದ್ವೀಪವೆಂದು ಹೆಸರು ಎಂಬ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಸಮುದ್ರಕ್ಕೆ ನೀಲಿ ಸೀಮೆಸುಣ್ಣ, ನೆಲಕ್ಕೆ ಹಸುರು, ಎರಡರ ನಡುವೆ ಒಂದು ಬಿಳಿಯ ಗೆರೆ. ಹುಡುಗರು ಪರೀಕ್ಷೆಯಲ್ಲಿ ಅದನ್ನೇ ಬರೆದರು. ನಾನೂ ಉದಾರವಾಗಿ ಅಂಕಗಳನ್ನು ಕೊಟ್ಟೆ. ಆದರೆ ನಾನೇ ಒಂದು ದ್ವೀಪದ ಮೇಲೆ ಕಾಲಿಟ್ಟು ನಿಂತದ್ದು ಉದ್ಯೋಗದಿಂದ ನಿವೃತ್ತನಾದ ಮೇಲೆ. ಅದೂ ನನ್ನ ಉತ್ಸಾಹದಿಂದಲ್ಲ. ಎಪ್ಪತ್ತು ದಾಟಿದ ನನ್ನ ಸೋದರತ್ತೆಯವರು ಆಡಿದ ಒಂದು ಮಾತಿನಿಂದ.

ನಮ್ಮ ಊರು ವಸ್ತಾರೆ. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿರುವ ಹೋಬಳಿಯ ಊರು. ಇದರ ಹಳೆಯ ಹೆಸರು ವಸುಧಾರೆ ಎಂದು ಹಿರಿಯರು ಹೇಳುವುದುಂಟು. ಇಲ್ಲಿಂದ ನೆಟ್ಟಗೆ ಪಶ್ಚಿಮಕ್ಕೆ ಗೆರೆ ಎಳೆದರೆ ಅರಬ್ಬೀ ಸಮುದ್ರ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಸುತ್ತಿ ಬಳಸಿ ಹೋಗುವ ರಸ್ತೆಯ ಲೆಕ್ಕದಲ್ಲಿ ನೂರೈವತ್ತು, ನೂರರವತ್ತು. ಇಷ್ಟು ಹತ್ತಿರವಿದ್ದೂ ಕಡಲನ್ನು ಒಮ್ಮೆಯೂ ಕಾಣದವರು ನಮ್ಮ ಕಡೆಯ ಮನೆಗಳಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ಇನ್ನೂ ಇದ್ದಾರೆ. ನಮ್ಮ ಅತ್ತೆ ಅವರಲ್ಲಿ ಒಬ್ಬರಾಗಿದ್ದರು.

ಅವರದು ನಾಲ್ಕು ಎಕರೆಯ ಕಾಫಿ ತೋಟ. ಮದುವೆಯಾದ ವರ್ಷ ಮಾವನವರು, ‘ಕೊಯ್ಲು ಮುಗಿಯಲಿ, ಸಮುದ್ರ ತೋರಿಸುತ್ತೇನೆ’ ಎಂದಿದ್ದರಂತೆ. ಕೊಯ್ಲು ಮುಗಿಯಿತು, ಮೆಣಸು ಬಿಡಿಸುವುದಿತ್ತು. ಅದೂ ಮುಗಿಯಿತು; ಹೂಮಳೆ ಬಾರದ ಚಿಂತೆ ಬಂತು. ಹೂವಾಯಿತು, ಮಳೆಗಾಲ ಹಿಡಿಯಿತು. ಹೀಗೆ ವರ್ಷಕ್ಕೊಮ್ಮೆ ಮುಂದೂಡಲ್ಪಟ್ಟ ಆ ಮಾತು ಮಾವನವರು ತೀರಿಕೊಂಡಾಗ ಅವರ ಸಂಗಡವೇ ಹೋಯಿತೆಂದು ನಾವೆಲ್ಲ ಭಾವಿಸಿದ್ದೆವು. ಭಾವಿಸಿದ್ದೆವು ಎನ್ನುವುದೂ ಸುಳ್ಳು. ನಮಗದು ನೆನಪೇ ಇರಲಿಲ್ಲ.

2023ರ ಜೂನ್ ತಿಂಗಳಿನಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತದ್ದು ತಮಗೆಲ್ಲ ತಿಳಿದ ಸಂಗತಿ. ಅದಾದ ಮೇಲೆ ಒಂದು ದಿನ ಊರಿನ ಏಳೆಂಟು ಮಂದಿ ಹೆಂಗಸರು ಕೂಡಿಕೊಂಡು ಧರ್ಮಸ್ಥಳಕ್ಕೆ ಹೋದರು. ಅತ್ತೆಯೂ ಹೋದರು. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಟ್ಟ ಇಳಿದು ದೇವರ ದರ್ಶನ ಮಾಡಿದರು. ಮರಳಿ ಬಸ್ಸು ಹತ್ತುವಾಗ ಅತ್ತೆ ಕಂಡಕ್ಟರನ್ನು ಕೇಳಿದರಂತೆ: ‘ಇಲ್ಲಿಂದ ಸಮುದ್ರ ಎಷ್ಟು ದೂರ ಆಗುತ್ತಪ್ಪ?’ ಆತ, ‘ಮಂಗಳೂರಿಗೆ ಎಪ್ಪತ್ತೈದು ಕಿಲೋಮೀಟರು ಆಗುತ್ತಮ್ಮ, ಎರಡು ಗಂಟೆಯ ಮೇಲೆ ಬೇಕು’ ಎಂದ. ಸಂಗಡದವರಿಗೆ ಸಂಜೆಯೊಳಗೆ ಮನೆ ಸೇರಬೇಕಾಗಿತ್ತು. ಇಳಿದ ಘಟ್ಟವನ್ನೇ ಹತ್ತಿ ಎಲ್ಲರೂ ಹಿಂದಿರುಗಿದರು.

ಮರುದಿನ ಪ್ರಸಾದ ಕೊಡಲು ಬಂದ ಅತ್ತೆ, ‘ಎರಡು ಗಂಟೆ ದಾರಿ ಇತ್ತು ಕಣೋ, ವಾಪಸ್ಸು ಬಂದುಬಿಟ್ಟೆ’ ಎಂದರು. ದೂರುವ ಧ್ವನಿಯಲ್ಲಿ ಹೇಳಲಿಲ್ಲ. ಹಾಲು ಉಕ್ಕಿತು ಎಂದು ಹೇಳುವಂತೆ ಹೇಳಿದರು. ಊರ ಮಕ್ಕಳಿಗೆಲ್ಲ ಸಮುದ್ರದ ಪಾಠ ಹೇಳಿದ ನನಗೆ, ಈ ಹೆಂಗಸನ್ನು ಒಮ್ಮೆ ಕರೆದುಕೊಂಡು ಹೋಗಬೇಕೆಂದು ಅದುವರೆಗೆ ತೋರಿರಲಿಲ್ಲ. ಅಂದಿನ ರಾತ್ರಿಯೇ ಪಂಚಾಂಗವನ್ನೂ ಭೂಪಟವನ್ನೂ ಮುಂದಿಟ್ಟುಕೊಂಡು ಕುಳಿತೆ.

ನಮ್ಮಂಥ ಮಲೆನಾಡಿಗರು ಸ್ವಂತ ವಾಹನವಿಲ್ಲದೆ ಬಸ್ಸುಗಳನ್ನೇ ನಂಬಿ ಮೊದಲ ಬಾರಿಗೆ ಕಡಲಿಗೂ ದ್ವೀಪಕ್ಕೂ ಹೊರಡುವಾಗ ಎದುರಾಗುವ ಮೊದಲ ಪ್ರಶ್ನೆ ಹಣದ್ದಲ್ಲ, ಕಾಲದ್ದು. ಇದು ನಾನು ಕಲಿತ ಮೊದಲ ಪಾಠ. ತೋಟದ ಕೆಲಸ ತುಸು ಸಡಿಲವಾಗುವುದು ಮಳೆಗಾಲದಲ್ಲಿ. ಆದರೆ ಆಗ ಕಡಲಿನ ಬಾಗಿಲು ಮುಚ್ಚಿರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಮೀನಿಗೆ ಹೋಗುವಂತಿಲ್ಲ. ದ್ವೀಪಕ್ಕೆ ಜನರನ್ನು ಒಯ್ಯುವ ದೋಣಿಗಳೂ ಮುಂಗಾರಿನ ತಿಂಗಳುಗಳಲ್ಲಿ ನಿಂತುಬಿಡುತ್ತವೆ. ಮಳೆ ಹಿಂದೆಗೆದು ದೋಣಿಗಳು ಮತ್ತೆ ಹೊರಡುವ ಹೊತ್ತಿಗೆ ಇಲ್ಲಿ ಅರೇಬಿಕಾ ಹಣ್ಣಾಗತೊಡಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ, ಆಮೇಲೆ ಮೆಣಸು. ಕಡಲು ತೆರೆದಾಗ ನಮಗೆ ಬಿಡುವಿಲ್ಲ; ನಮಗೆ ಬಿಡುವಾದಾಗ ಕಡಲು ತೆರೆದಿಲ್ಲ. ಮಾವನವರು ಮಾತಿಗೆ ತಪ್ಪುವವರಾಗಿರಲಿಲ್ಲ. ಈ ಎರಡು ಪಂಚಾಂಗಗಳ ನಡುವೆ ಸಿಕ್ಕಿಕೊಂಡಿದ್ದರು. ಇದು ನನಗೆ ಹೊಳೆದದ್ದು ಅಂದು.

ಹುಡುಕಿದರೆ ಎರಡು ಕಂಡಿಗಳಿವೆ. ಒಂದು, ಮಳೆ ನಿಂತು ಕೊಯ್ಲು ತೊಡಗುವ ಮುನ್ನ, ಅಕ್ಟೋಬರಿನ ಕೊನೆಯ ವಾರಗಳು. ಇನ್ನೊಂದು, ಮೆಣಸು ಒಣಗಿ ಚೀಲ ಸೇರಿದ ಮೇಲೆ, ಮಾರ್ಚ್ ಕೊನೆಯಿಂದ ಏಪ್ರಿಲಿನ ನಡುವಿನವರೆಗೆ. ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆ, ಜನಸಂದಣಿ ಹೆಚ್ಚು, ಸೆಕೆ ವಿಪರೀತ. ತಿಂಗಳು ಮುಗಿಯುತ್ತ ಬಂದಂತೆ ಕಡಲೂ ಮುನಿಯತೊಡಗುತ್ತದೆ. ನಾವು ಎರಡನೆಯ ಕಂಡಿಯನ್ನು ಆರಿಸಿಕೊಂಡೆವು. ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಹೊರಡುವುದೆಂದಾಯಿತು. ಶನಿವಾರ, ಭಾನುವಾರಗಳನ್ನು ಬಿಟ್ಟರೆ ಬಸ್ಸಿನಲ್ಲಿ ಜಾಗ, ವಸತಿಯಲ್ಲಿ ಕೋಣೆ, ದೋಣಿಯಲ್ಲಿ ನೆಮ್ಮದಿ ಮೂರೂ ದೊರೆಯುತ್ತವೆ.

ಎರಡನೆಯ ಪ್ರಶ್ನೆ ದಾರಿಯದು. ನಮ್ಮ ಸೀಮೆಯಿಂದ ಕಡಲಿಗೆ ಇಳಿಯುವ ಮೆಟ್ಟಿಲುಗಳು ಮೂರು. ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಟ್ಟವಿಳಿದು ಉಜಿರೆ, ಬೆಳ್ತಂಗಡಿ, ಮಂಗಳೂರು ಸೇರುವುದು ಒಂದು. ಬಾಳೆಹೊನ್ನೂರು, ಕಳಸದ ಮೇಲೆ ಕುದುರೆಮುಖದ ಕಾಡು ಹಾದು ಕಾರ್ಕಳಕ್ಕೆ ಇಳಿಯುವುದು ಇನ್ನೊಂದು. ಬಾಳೆಹೊನ್ನೂರು, ಶೃಂಗೇರಿ, ಆಗುಂಬೆ, ಹೆಬ್ರಿಯ ಮೇಲೆ ಉಡುಪಿಗೆ ಹೋಗುವುದು ಮೂರನೆಯದು. ರೈಲನ್ನು ಬಯಸುವವರು ಮೂಡಿಗೆರೆಯಿಂದ ಸಕಲೇಶಪುರಕ್ಕೆ ಹೋಗಿ, ಸುರಂಗಗಳ ಸಾಲಿನಲ್ಲಿ ಘಟ್ಟವಿಳಿಯುವ ಗಾಡಿಯನ್ನು ಹಿಡಿಯಬಹುದು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರಸ್ತೆಗೂ ನಡುವೆ 57 ಸುರಂಗಗಳಿವೆ. ಮಂಗಳೂರಿನಿಂದ ಮುಂದಕ್ಕೆ 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲುದಾರಿಯಲ್ಲೇ ಉಡುಪಿಯೂ ಇದೆ. ಆದರೆ ಹಗಲು ಹೋಗುವ ಗಾಡಿ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ರಾತ್ರಿ ಇಳಿದರೆ ಘಟ್ಟವೂ ಇಲ್ಲ, ನೋಟವೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಘಟ್ಟದ ದಾರಿಗಳು ನಮ್ಮ ನೆನಪಿನಲ್ಲಿ ಇದ್ದಂತೆಯೇ ಇರುತ್ತವೆಂದು ನಂಬಬಾರದು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಸಂಚಾರ ಅಸ್ತವ್ಯಸ್ತವಾಯಿತು. ಆಗುಂಬೆಯ 14 ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ. ಅಲ್ಲಿ ಓಡುವುದು ಗಿಡ್ಡ ಬಸ್ಸುಗಳೇ. ಬಸ್ಸಿನ ವೇಳೆಗಳ ವಿಷಯದಲ್ಲಿಯೂ ಹಾಗೆಯೇ. ಮುಚ್ಚಿಹೋದ ಖಾಸಗಿ ಕಂಪೆನಿಯೊಂದರ ನೌಕರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ನಮ್ಮ ಮಲೆನಾಡಿಗೆ ಗಡಿಯಾರವಾಗಿದ್ದವು. ಬಸ್ಸು ಹೋದ ಸದ್ದು ಕೇಳಿ ಒಲೆಗೆ ಅನ್ನದ ಎಸರಿಟ್ಟ ಮನೆಗಳಿವೆ. ಆ ಸಂಸ್ಥೆ 2020ರಲ್ಲಿ ನಿಂತುಹೋಯಿತು. ಹಳೆಯ ವೇಳೆಯನ್ನು ನಂಬಿ ಮಾರ್ಗದ ಬದಿಯಲ್ಲಿ ನಿಂತರೆ ಈಗ ಬಿಸಿಲು ಮಾತ್ರ ಬರುತ್ತದೆ. ಆದುದರಿಂದ ಹೊರಡುವ ಹಿಂದಿನ ದಿನ ನಿಲ್ದಾಣಕ್ಕೆ ಹೋಗಿ ಬಾಯಾರೆ ಕೇಳಿ ಬರುವುದೇ ಮೇಲು. ನಾನು ಹಾಗೆಯೇ ಮಾಡಿದೆ. ಹೋಗುವಾಗ ಆಗುಂಬೆಯಿಂದ ಇಳಿಯುವುದು, ಬರುವಾಗ ಚಾರ್ಮಾಡಿಯಿಂದ ಹತ್ತುವುದು ಎಂದು ಗೊತ್ತುಮಾಡಿಕೊಂಡೆವು.

ಅತ್ತೆ, ನನ್ನ ಹೆಂಡತಿ, ನಾನು ಮೂವರೇ. ಆಳಿಗೊಂದು ಚೀಲ. ಬಸ್ಸಿನಲ್ಲಿ ಹೋಗುವವರು ತಮ್ಮ ತೊಡೆಯ ಮೇಲೆ ಇರಿಸಿಕೊಳ್ಳಲಾಗುವುದಕ್ಕಿಂತ ಹೆಚ್ಚು ಸಾಮಾನನ್ನು ಒಯ್ಯಬಾರದು ಎಂಬುದು ನನ್ನ ಹೆಂಡತಿಯ ಸೂತ್ರ. ಅತ್ತೆ ಅವಲಕ್ಕಿ, ಉಪ್ಪಿನಕಾಯಿ, ತಿರುವುಗಳಿಗೆಂದು ಎರಡು ನಿಂಬೆಹಣ್ಣು ತಂದಿದ್ದರು. ಸರಕಾರದ ಬಸ್ಸಿನಲ್ಲಿ ಹೋದ ದೂರಕ್ಕೆ ಹೆಂಗಸರಿಬ್ಬರಿಗೂ ಸೊನ್ನೆ ರೂಪಾಯಿಯ ಚೀಟಿ. ಖಾಸಗಿ ಬಸ್ಸಿನಲ್ಲಿ ಮೂವರಿಗೂ ಹಣ. ಅತ್ತೆ ಆ ಸೊನ್ನೆಯ ಚೀಟಿಯನ್ನು ಮಡಿಸಿ ಸಂಚಿಯಲ್ಲಿಟ್ಟುಕೊಂಡರು. ‘ಅದೇಕೆ?’ ಎಂದರೆ, ‘ಹೋಗಿ ಬಂದದ್ದಕ್ಕೆ ಸಾಕ್ಷಿ ಬೇಡವೇನೋ?’ ಎಂದರು.

ಬಾಳೆಹೊನ್ನೂರಿನಲ್ಲಿ ಭದ್ರೆಯ ಸೇತುವೆ, ಶೃಂಗೇರಿಯಲ್ಲಿ ತುಂಗೆಯ ದಡ. ಆಗುಂಬೆಯಲ್ಲಿ ಕಣ್ಣಿಗೆ ಕಡಲು ಕಾಣಬಹುದೆಂದು ನಾನು ಮೊದಲೇ ಹೇಳಿ ಆಸೆ ಹುಟ್ಟಿಸಿದ್ದೆ. ಬಾನು ತಿಳಿಯಾಗಿದ್ದರೆ ಅಲ್ಲಿಂದ ಪಡುಗಡಲು ಕಾಣುವುದು ನಿಜ. ಅಂದು ಕಂಡದ್ದು ಬಿಸಿಲಿನ ಮಬ್ಬು ಮಾತ್ರ. ಘಟ್ಟವಿಳಿಯುತ್ತಿದ್ದಂತೆ ಗಾಳಿ ಬದಲಾಯಿತು. ಸೋಮೇಶ್ವರದ ಹೊತ್ತಿಗೆ ಬೆವರು. ಹೆಬ್ರಿಯ ಹೊತ್ತಿಗೆ ಅತ್ತೆ ರವಿಕೆಯ ಕುತ್ತಿಗೆಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದ್ದರು. ಉಡುಪಿಯಲ್ಲಿ ಇಳಿದು, ಕೃಷ್ಣನ ದರ್ಶನ ಮಾಡಿ, ಮಲ್ಪೆಯ ಬಸ್ಸು ಹತ್ತಿದೆವು. ಅದು ಆರು ಕಿಲೋಮೀಟರಿನ ದಾರಿ. ಅಲ್ಲಿಯ ನಗರದ ಬಸ್ಸುಗಳ ವೇಗಕ್ಕೆ ಮಲೆನಾಡಿನವರು ಮೊದಲೇ ಕಂಬಿಯನ್ನು ಹಿಡಿದುಕೊಳ್ಳುವುದು ಕ್ಷೇಮ.

ಮಲ್ಪೆಯ ದಂಡೆಯಲ್ಲಿ ಅತ್ತೆ ಚಪ್ಪಲಿ ಬಿಟ್ಟು ನಿಂತರು. ಬಹಳ ಹೊತ್ತು ಏನೂ ಆಡಲಿಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆ ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳದಿದ್ದ ಪ್ರಶ್ನೆ: ‘ನಮ್ಮ ತೋಟದ ಮೇಲೆ ಬೀಳುತ್ತಲ್ಲ, ಆ ನೀರೂ ಇಲ್ಲಿಗೇ ಬರುತ್ತೇನೋ?’

ಇಲ್ಲ ಎನ್ನಬೇಕಾಯಿತು. ನಮ್ಮ ಬೆಟ್ಟಗಳ ನೀರಿನ ಗತಿ ವಿಚಿತ್ರವಾದದ್ದು. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಮೂರು ನದಿಗಳು ಹುಟ್ಟುತ್ತವೆ ಎನ್ನುತ್ತಾರೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ತುಂಗೆ, ಭದ್ರೆಯರು ಸಮುದ್ರ ಇಷ್ಟು ಸಮೀಪವಿದ್ದರೂ ಅದಕ್ಕೆ ಬೆನ್ನುಮಾಡಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಯವರೆಗೆ ನಡೆಯುತ್ತಾರೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಯೂ ಕಾವೇರಿಯ ಕೈಹಿಡಿದು ಪೂರ್ವಕ್ಕೇ ಹೋಗುತ್ತದೆ. ಇಷ್ಟನ್ನೂ ವಿವರಿಸಿ ಹೇಳಿದಾಗ ಅತ್ತೆ, ‘ಹಾಗಾದರೆ ನಮ್ಮ ನೀರಿಗೂ ನನ್ನ ಹಾಗೇ ಬಸ್ಸು ತಪ್ಪಿತು ಅನ್ನು’ ಎಂದು ನಕ್ಕರು.

ನೀರು ಬಾರದಿದ್ದರೂ ನಮ್ಮ ಕಾಫಿ ಈ ಕಡಲಿಗೆ ಬಂದಿದೆ. ಬಂದಿದೆ ಎನ್ನುವುದಕ್ಕಿಂತ, ಈ ಕಡಲಿನಿಂದಲೇ ಮೇಲಕ್ಕೆ ಹತ್ತಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಆ ಯೆಮೆನ್ ಇರುವುದು ಇದೇ ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ. ಆಮೇಲಿನ ಕಾಲದಲ್ಲಿ ಎತ್ತುಗಳ ಬೆನ್ನ ಮೇಲೆ, ಗಾಡಿಗಳಲ್ಲಿ, ಲಾರಿಗಳಲ್ಲಿ ನಮ್ಮ ಕಾಫಿ ಘಟ್ಟವಿಳಿದು ಮಂಗಳೂರಿಗೆ ಹೋಯಿತು. ಅಲ್ಲಿಂದ ಉಪ್ಪು, ಒಣಮೀನು ಮೇಲಕ್ಕೆ ಬಂದವು. 1974ರಲ್ಲಿ ತೆರೆದ ಪಣಂಬೂರಿನ ನವ ಮಂಗಳೂರು ಬಂದರಿನಿಂದ ಇಂದಿಗೂ ಕಾಫಿ ಹಡಗು ಹತ್ತುತ್ತಿದೆ. ಅತ್ತೆ ತಮ್ಮ ಕೈಯಾರೆ ಬಿಡಿಸಿದ ಹಣ್ಣಿನ ಕಾಳುಗಳಲ್ಲಿ ಎಷ್ಟೋ ಸಮುದ್ರವನ್ನು ದಾಟಿ ಹೋಗಿರಬೇಕು. ಬಿಡಿಸಿದ ಕೈ ಮಾತ್ರ ಅಂದೇ ಮೊದಲ ಬಾರಿಗೆ ಆ ನೀರನ್ನು ಮುಟ್ಟಿತು.

ನಮ್ಮ ಲೆಕ್ಕದಂತೆ ಮರುದಿನ ಮಂಗಳವಾರ ದ್ವೀಪಕ್ಕೆ ಹೋಗಿ ಬುಧವಾರ ಊರಿಗೆ ಹೊರಡಬೇಕು. ಆದರೆ ಮಂಗಳವಾರ ಬೆಳಗ್ಗೆ ಗಾಳಿ ಜೋರಾಗಿತ್ತು. ದೋಣಿಯವರು, ‘ಇವತ್ತು ಬಿಡುವುದಿಲ್ಲ, ನಾಳೆ ನೋಡುವ’ ಎಂದರು. ನಾನು ಪೆಚ್ಚಾದೆ. ಅತ್ತೆಯ ಮೊಣಕಾಲು ಊದಿತ್ತು. ಇನ್ನೊಮ್ಮೆ ಇಷ್ಟು ದೂರ ಬರಲಾದೀತೆಂಬ ಭರವಸೆ ಇರಲಿಲ್ಲ. ಅತ್ತೆಯೇ, ‘ಸಮುದ್ರ ಕಂಡೆನಲ್ಲ, ಸಾಕು, ಹೊರಡೋಣ’ ಎಂದರು. ಬದುಕಿನುದ್ದಕ್ಕೂ ‘ಸಾಕು, ಹೊರಡೋಣ’ ಎನ್ನುತ್ತಲೇ ಬಂದವರು ಅವರು. ಧರ್ಮಸ್ಥಳದಲ್ಲಿಯೂ ಅದನ್ನೇ ಹೇಳಿರಬೇಕು. ಹೆಂಡತಿ ನನ್ನ ಮುಖ ನೋಡಿದಳು. ಒಂದು ದಿನ ಹೆಚ್ಚು ಉಳಿಯುವುದೆಂದು ತೀರ್ಮಾನಿಸಿದೆವು. ಕಡಲ ಪ್ರವಾಸಕ್ಕೆ ಹೊರಡುವವರು ಒಂದು ದಿನವನ್ನು ಲೆಕ್ಕದ ಹೊರಗೆ ಕೈಯಲ್ಲಿ ಇಟ್ಟುಕೊಂಡಿರಲೇಬೇಕು. ಬಸ್ಸು ವೇಳಾಪಟ್ಟಿಯನ್ನು ಕೇಳಿದರೂ ಕೇಳೀತು, ಗಾಳಿ ಕೇಳುವುದಿಲ್ಲ. ಆ ದಿನವನ್ನು ವಡಭಾಂಡೇಶ್ವರದ ಬಲರಾಮನ ಗುಡಿಯಲ್ಲಿ, ಬಂದರಿನಲ್ಲಿ ಬಲೆ ಹೊಲಿಯುವವರನ್ನು ನೋಡುವುದರಲ್ಲಿ, ಮೊಣಕಾಲಿಗೆ ಬಿಸಿನೀರು ಹಾಕುವುದರಲ್ಲಿ ಕಳೆದೆವು.

ಬುಧವಾರ ಕಡಲು ಸಮಾಧಾನವಾಗಿತ್ತು. ದೋಣಿಗೆ ಸಾಕಷ್ಟು ಜನ ಸೇರುವವರೆಗೆ ಕಾಯಬೇಕು. ತೇಲುವ ಅಂಗಿಯನ್ನು ಎಲ್ಲರೂ ಹಾಕಿಕೊಳ್ಳಬೇಕು. ಸೀರೆಯ ಮೇಲೆ ಆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಅತ್ತೆ, ‘ನಿಮ್ಮ ಮಾವ ನೋಡಿದ್ದರೆ ಗುರುತು ಹಿಡೀತಿರಲಿಲ್ಲ’ ಎಂದರು. ಸುಮಾರು ಅರ್ಧ ಗಂಟೆಯ ಪಯಣ. ದ್ವೀಪದ ಬಳಿ ನೀರು ಆಳವಿಲ್ಲದ್ದರಿಂದ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಇಳಿಯಬೇಕಾಯಿತು. ನನಗೆ ಇದ್ದ ಭಯವೆಲ್ಲ ಅದರದೇ. ಎರಡು ದೋಣಿಗಳೂ ಬೇರೆಬೇರೆ ತಾಳಕ್ಕೆ ಕುಣಿಯುತ್ತಿರುತ್ತವೆ. ಒಬ್ಬ ತರುಣ, ‘ಅಮ್ಮ, ಕೈ ಕೊಡಿ, ಕೆಳಗೆ ನೋಡಬೇಡಿ’ ಎಂದ. ಅತ್ತೆ ಕೆಳಗೇ ನೋಡುತ್ತ, ಇಳಿಜಾರಿನ ತೋಟದಲ್ಲಿ ಕಾಲಿಡುವ ಅಭ್ಯಾಸದಿಂದಲೋ ಏನೋ, ನನಗಿಂತ ಚೆನ್ನಾಗಿ ಇಳಿದರು.

ಈ ದ್ವೀಪಗಳ ಗುಂಪಿಗೆ ಸೇಂಟ್ ಮೇರಿ ದ್ವೀಪಗಳೆಂದು ಹೆಸರು. ಸ್ಥಳೀಯರು ತೋನ್ಸೆಪಾರ್ ಎನ್ನುವುದೂ ಉಂಟು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಶಿಲುಬೆಯನ್ನು ನೆಟ್ಟು ಮೇರಿಮಾತೆಯ ಹೆಸರನ್ನಿಟ್ಟನೆಂಬ ಕಥೆಯಿದೆ. ಆದರೆ ಈ ನೆಲದ ನಿಜವಾದ ಚರಿತ್ರೆಯ ಮುಂದೆ ಗಾಮನು ನಿನ್ನೆ ಬಂದವನು. ಇಲ್ಲಿಯ ಬಂಡೆಗಳು ಬಂಡೆಗಳಂತಿಲ್ಲ. ಯಾರೋ ಉಳಿಯಿಂದ ಕಡೆದು ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳಂತಿವೆ. ಐದು, ಆರು ಮೂಲೆಗಳ ಕಂಬಗಳು. ಭೂಮಿಯೊಳಗಿನಿಂದ ಉಕ್ಕಿ ಬಂದ ಶಿಲಾರಸ ಆರುತ್ತ ಕುಗ್ಗಿದಾಗ, ಒಣಗಿದ ಕೆರೆಯ ಕೆಸರು ಬಿರಿಯುವಂತೆ ಬಿರಿದು, ಆ ಬಿರುಕುಗಳು ಆಳಕ್ಕೆ ಇಳಿದು ಕಂಬಗಳಾದವು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಎಂದು ಭೂವಿಜ್ಞಾನಿಗಳ ನಿರ್ಣಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಅತ್ತೆ ಒಂದು ಕಂಬದ ಮೇಲೆ ಅಂಗೈಯಿಟ್ಟು, ‘ಆ ಊರು ಎಲ್ಲಿ ಹೋಯಿತು?’ ಎಂದು ಕೇಳಿದರು. ಆಫ್ರಿಕದ ಮಗ್ಗುಲಿಗೆ ಹೋಯಿತು, ಅದೂ ಈಗ ದೊಡ್ಡ ದ್ವೀಪ ಎಂದೆ. ‘ಅಲ್ಲಿ ಕಾಫಿ ಬೆಳೆಯುತ್ತಾರೇನೋ?’ ಎಂದರು. ಬೆಳೆಯುತ್ತಾರೆ ಎಂದೆ. ಸಂಬಂಧ ಕೂಡಿಬಂದಂತೆ ಅವರಿಗೆ ತೃಪ್ತಿಯಾಯಿತು. ಆಮೇಲೆ ತೆಂಗಿನ ನೆರಳಿನಲ್ಲಿ ಕುಳಿತು ನಾಲ್ಕು ಕಡೆಗೂ ತಿರುಗಿ ತಿರುಗಿ ನೋಡಿದರು. ಎಲ್ಲ ಕಡೆಗೂ ನೀರು. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯ ತಪ್ಪಲ್ಲ. ಆದರೆ ನೀರು ಸುತ್ತುವರಿದಿರುವುದನ್ನು ತಿಳಿಯಬೇಕಾದರೆ ನಡುವೆ ಒಬ್ಬರು ಕುಳಿತಿರಬೇಕು. ಅದನ್ನು ನಾನು ಯಾವ ತರಗತಿಯಲ್ಲಿಯೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿ ತಂಗಲು ಅವಕಾಶವಿಲ್ಲ. ಹಗಲು ಹೋಗಿ ಹಗಲೇ ಮರಳಬೇಕು. ಬಂಡೆಗಳ ಅಂಚು ಜಾರುತ್ತದೆ, ಅಲ್ಲಿ ನಿಂತು ಧೈರ್ಯ ತೋರಿಸಬಾರದು. ದಂಡೆಯ ಮೇಲೆ ಮರಳಿಗಿಂತ ಚಿಪ್ಪುಗಳೇ ಹೆಚ್ಚಾದ್ದರಿಂದ ಪಾದರಕ್ಷೆ ಬೇಕು. ಮಧ್ಯಾಹ್ನದ ಬಿಸಿಲು ಕಠಿಣ. ಬೆಳಗಿನ ದೋಣಿಯೇ ಲೇಸು.

ದೋಣಿ ಹಿಂದಿರುಗುವಾಗ ಅತ್ತೆ ನನ್ನ ಹೆಂಡತಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು. ‘ಅವರು ಸುಳ್ಳು ಹೇಳಲಿಲ್ಲ ಕಣೇ. ಕೊಯ್ಲು ಮುಗಿಯಲಿ ಅಂದರು. ಕೊಯ್ಲು ಮುಗಿಯುವಂಥದ್ದಲ್ಲ ಅಂತ ಅವರಿಗೂ ಗೊತ್ತಿರಲಿಲ್ಲ.’

ಗುರುವಾರ ಮಂಗಳೂರಿನ ಮೇಲೆ ಚಾರ್ಮಾಡಿ ಹತ್ತಿ ಊರು ಸೇರಿದೆವು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ತಣ್ಣನೆಯ ಗಾಳಿ ಬೀಸಿತು. ಅತ್ತೆ ಸೆರಗನ್ನು ತಲೆಗೆ ಹೊದ್ದುಕೊಂಡು ನೀರುದೋಸೆ ತಿಂದರು. ಮರುದಿನ ಮುಂಜಾನೆ ಅವರು ಎಂದಿನಂತೆ ತೋಟದಲ್ಲಿದ್ದರು. ಹೂಮಳೆ ಬಂದಿರಲಿಲ್ಲ, ಅದರ ಚಿಂತೆ ತೊಡಗಿತ್ತು.

ಶ್ರೋತೃಗಳೇ, ಯೋಜನೆ ಹಾಕುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ. ಬೆಳೆಯ ಪಂಚಾಂಗವನ್ನೂ ಕಡಲ ಪಂಚಾಂಗವನ್ನೂ ಒಂದರ ಪಕ್ಕ ಒಂದಿಟ್ಟು ಕಂಡಿಯನ್ನು ಹುಡುಕಿರಿ. ದಾರಿಯನ್ನು ನೆನಪಿನಿಂದಲ್ಲ, ವಿಚಾರಿಸಿ ಆರಿಸಿರಿ. ಘಟ್ಟವನ್ನು ಹಗಲಿನಲ್ಲಿ ದಾಟಿರಿ. ಒಂದು ದಿನವನ್ನು ಗಾಳಿಗೆಂದು ಮೀಸಲಿಡಿರಿ. ಇದೆಲ್ಲಕ್ಕಿಂತ ಮೊದಲು, ನಿಮ್ಮ ಮನೆಯಲ್ಲಿ ಕಡಲನ್ನು ಕಾಣದ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿರಿ. ಅವರು ತಾವಾಗಿ ಹೇಳುವುದಿಲ್ಲ. ಹೇಳಿದರೂ ಹಾಲು ಉಕ್ಕಿತು ಎಂಬಂತೆ ಹೇಳಿ ಸುಮ್ಮನಾಗುತ್ತಾರೆ.